ಅಣ್ಣನ ಕೆಂಪು ಗುರುತುಗಳು

ಮೂವತ್ತು ವರ್ಷದಿಂದ ತಕ್ಕಡಿ ರಿಪೇರಿ ಮಾಡುತ್ತಿದ್ದೇನೆ. ಚಿನ್ನ ತೂಗುವ ಪುಟ್ಟ ತಕ್ಕಡಿಯಿಂದ ಹಿಡಿದು ಲಾರಿಯನ್ನೇ ಹತ್ತಿಸಿ ತೂಗುವ ಕಾಟಾದವರೆಗೆ ನನ್ನ ಕೈಯಲ್ಲಿ ಸರಿಹೋಗದ್ದು ಯಾವುದೂ ಇಲ್ಲ. ಹಾಗಂತ ನಾನೇ ಹೇಳಿಕೊಂಡು ತಿರುಗುತ್ತೇನೆ, ಬೇರೆ ಯಾರೂ ಹೇಳುವುದಿಲ್ಲವಲ್ಲ. ಇಂಥ ನನ್ನನ್ನು ನನ್ನ ಒಡಹುಟ್ಟಿದ ಅಣ್ಣ ಹನ್ನೆರಡು ವರ್ಷ ತನ್ನ ಸೌಂಡ್ ಸಿಸ್ಟಮ್ಮಿನ ಹತ್ತಿರ ಸುಳಿಯಲು ಬಿಟ್ಟಿರಲಿಲ್ಲ. "ನೋಡು, ಕೇಳು, ಕೈ ಮಾತ್ರ ಕಟ್ಟಿಕೊಂಡಿರು" ಅನ್ನುತ್ತಿದ್ದ.

ಅವನ ಮುಂಗೋಣೆಯಲ್ಲಿ ಐದು ಸ್ಪೀಕರ್ ಪೆಟ್ಟಿಗೆಗಳು. ಪರದೆಯ ಎಡಕ್ಕೊಂದು, ಬಲಕ್ಕೊಂದು, ಮಾತು ಕೇಳಿಸುವುದಕ್ಕೆ ನಡುವೆ ಒಂದು, ಹಿಂದಿನ ಎರಡು ಮೂಲೆಗಳಲ್ಲಿ ಎರಡು. ಒಂದೊಂದಕ್ಕೂ ಒಂದೊಂದು ಆಂಪ್ಲಿಫೈಯರ್. ಅದರ ಮುಖದ ಮೇಲೆ ಗೇನ್ ಎಂಬ ಒಂದೇ ಒಂದು ಕಪ್ಪು ನಾಬ್. ಒಳಗೆ ಬಂದ ಸದ್ದನ್ನು ಎಷ್ಟು ದೊಡ್ಡದು ಮಾಡಬೇಕು ಎನ್ನುವುದು ಅದರ ಕೈಯಲ್ಲಿ. ಪ್ರತಿ ನಾಬಿನ ಮುಳ್ಳು ನಿಲ್ಲಬೇಕಾದ ಕಡೆ ಅಣ್ಣ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟಿದ್ದ.

ಈಗ ಅಣ್ಣ ಆಸ್ಪತ್ರೆಯಲ್ಲಿದ್ದ. ಸೊಂಟದ ಕೀಲು ಬದಲಿಸಿದ್ದರು. ನಾಡಿದ್ದು ಮನೆಗೆ ಬರುವವನು ಮೆಟ್ಟಿಲು ಹತ್ತುವಂತಿಲ್ಲ, ಮಂಚ ಮುಂಗೋಣೆಗೆ ಇಳಿಯಬೇಕು. ಅತ್ತಿಗೆ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದರು: ಸಿಸ್ಟಮ್ ಹೋಗಲಿ. ಪಕ್ಕದ ಬೀದಿಯ ಜಿಮ್ಮಿನವರು ಅಂದು ಸಂಜೆ ನಾಲ್ಕಕ್ಕೆ ಬಂದು ಕೇಳಿ ನೋಡಿ ಎತ್ತಿಕೊಂಡು ಹೋಗುವುದೆಂದು ಮಾತಾಗಿತ್ತು. ಅದಕ್ಕೆ ಮುಂಚೆ ಎಲ್ಲ ಸರಿಯಾಗಿದೆಯೋ ನೋಡಲು ನನ್ನನ್ನು ಕರೆದಿದ್ದರು.

"ಅಣ್ಣನಿಗೆ ಹೇಳಿದೀರಾ?" ಎಂದು ಕೇಳಿದೆ.

"ಹೇಳಿದೆ. ಗೋಡೆ ಕಡೆ ತಿರುಗಿ, ನಿನ್ನಿಷ್ಟ ಅಂದ್ರು."

"ಅಯ್ಯೋ ಅತ್ತಿಗೆ, ಅದು ಒಪ್ಪಿಗೆ ಅಲ್ಲ."

"ಹನ್ನೆರಡು ವರ್ಷ ಈ ಕೋಣೇಲಿ ಅವರದೇ ಇಷ್ಟ ನಡೀತಲ್ಲ? ಸೋಫಾ ನಟ್ಟನಡುವೆ ಹಾಕ್ಕೊಂಡು ಪರದೆಗೆ ಮುಖ, ನನಗೆ ಬೆನ್ನು. ನಾನು ಮೂಲೇಲಿ ಬಟ್ಟೆ ಹೊಲೀತಾ ಕೂತಿರೋದು. ಐದು ಪೆಟ್ಟಿಗೆ ಲೆಕ್ಕ ಇಟ್ಟಿದಾರಲ್ಲ, ನಾನು ಆರನೇದು. ಸದ್ದು ಬರದೇ ಇರೋದು."

ನಗುತ್ತಲೇ ಹೇಳಿದರು, ಆದರೆ ನನ್ನ ಮುಖ ನೋಡದೆ ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸತೊಡಗಿದರು. ನನಗೆ ಸಂಕಟವಾಯಿತು. ಗ್ರಂಥಾಲಯದಲ್ಲಿ ಮೂವತ್ತೈದು ವರ್ಷ ಪಿಸುಮಾತಿನಲ್ಲೇ ಬದುಕಿದ ಅಣ್ಣನಿಗೆ ಇದ್ದದ್ದು ಇದೊಂದೇ ಹುಚ್ಚು. ನಾಲ್ಕು ಗಂಟೆಗೆ ಅದು ಮನೆ ಬಿಟ್ಟರೆ ಅವನ ಪಾಲಿಗೆ ಮಂಚ ಮಾತ್ರ ಉಳಿಯುತ್ತದೆ, ಅತ್ತಿಗೆಯ ಪಾಲಿಗೆ ಈ ಮಾತು ಉಳಿಯುತ್ತದೆ. ಆದರೂ ನಿಜ ಹೇಳಬೇಕೆಂದರೆ ಒಳಗೊಳಗೇ ನನಗೆ ಖುಷಿಯೂ ಆಗಿತ್ತು. ಕೊನೆಗೂ ನಾಬ್ ಮುಟ್ಟಬಹುದು!

ಅಣ್ಣನ ಡ್ರಾಯರಿನಲ್ಲಿ ಸದ್ದು ಅಳೆಯುವ ಮೀಟರ್ ಸಿಕ್ಕಿತು. ಸೋಫಾದ ಮೇಲೆ ಪುಸ್ತಕ ಪೇರಿಸಿ ಅದನ್ನು ಕಿವಿಯ ಎತ್ತರಕ್ಕೆ ಇಟ್ಟೆ. ಸಿಸ್ಟಮ್ಮಿನಲ್ಲೇ ಪರೀಕ್ಷೆಯ ಸದ್ದೊಂದು ಇರುತ್ತದೆ. 'ಶ್' ಎನ್ನುತ್ತಾ ಒಂದೊಂದೇ ಪೆಟ್ಟಿಗೆಯಿಂದ ಸರದಿಯಲ್ಲಿ ಬರುತ್ತದೆ. ಕೂತಲ್ಲಿಗೆ ಐದೂ ಒಂದೇ ಅಳತೆಯಲ್ಲಿ ಕೇಳಿಸಬೇಕು, ಎಪ್ಪತ್ತೈದು ಡೆಸಿಬಲ್ ಎಂದರೆ ಐದೂ ಎಪ್ಪತ್ತೈದು. ತಕ್ಕಡಿಯದೇ ನ್ಯಾಯ.

ಮೀಟರ್ ನೋಡಿ ಕಣ್ಣು ಕಣ್ಣು ಬಿಟ್ಟೆ. ಮುಂದಿನ ಎಡದ್ದು ಎಪ್ಪತ್ತೆಂಟು, ಬಲದ್ದು ಎಪ್ಪತ್ತಾರು. ನಡುವಿನದು ಎಂಬತ್ತೆರಡು. ಹಿಂದಿನ ಎಡದ್ದು ಎಂಬತ್ತು, ಬಲದ್ದು ಬರೀ ಅರವತ್ತಾರು. ಒಂದಕ್ಕೂ ಇನ್ನೊಂದಕ್ಕೂ ತಾಳಮೇಳವಿಲ್ಲ. ನಾಬ್‌ಗಳೆಲ್ಲ ಕೆಂಪು ಚುಕ್ಕೆಯ ಮೇಲೇ ಇದ್ದವು, ಯಾರೂ ತಿರುಗಿಸಿರಲಿಲ್ಲ. ಅಂದರೆ ಅಣ್ಣ ಬೇಕೆಂದೇ ಹೀಗೆ ಇಟ್ಟಿದ್ದ. ಪುಸ್ತಕ ಒಂದು ಸಾಲು ಆಚೀಚೆಯಾದರೆ ಊಟ ಬಿಡುವ ಮನುಷ್ಯ ಹನ್ನೆರಡು ವರ್ಷ ಇದನ್ನು ಹೇಗೆ ಕೇಳಿದ? ಕಿವಿ ಕೆಟ್ಟಿತ್ತೇ? ತಲೆಯೇ ಕೆಟ್ಟಿತ್ತೇ? ಮೀಟರಿನ ಸೆಲ್ ಬದಲಾಯಿಸಿ ಮತ್ತೆ ನೋಡಿದೆ. ಅವೇ ಅಂಕಿಗಳು.

ಅರ್ಥವಾಗದಿದ್ದರೂ ಕೆಲಸ ಗೊತ್ತಿತ್ತಲ್ಲ. ನಮ್ಮ ಕಸುಬಿನಲ್ಲಿ ಹಿಂದಿನವನ ಗುರುತನ್ನು ಮೊದಲು ಉಜ್ಜಿ ತೆಗೆಯಬೇಕು, ಹಳೆಯ ಗುರುತು ಕಣ್ಣೆದುರಿದ್ದರೆ ಕೈ ಅತ್ತಲೇ ಎಳೆಯುತ್ತದೆ. ಅತ್ತಿಗೆಯ ಹತ್ತಿರ ಬಣ್ಣ ತೆಗೆಯುವ ದ್ರಾವಣ ಇಸಿದುಕೊಂಡು ಐದೂ ಚುಕ್ಕೆಗಳನ್ನು ಹತ್ತಿಯಿಂದ ಉಜ್ಜಿ ಹಾಕಿದೆ. ಆಮೇಲೆ ಒಂದೊಂದೇ ನಾಬ್ ಕೂದಲೆಳೆಯಷ್ಟು ತಿರುಗಿಸುತ್ತಾ, ಸೋಫಾಗೂ ಆಂಪ್ಲಿಫೈಯರಿಗೂ ಎಪ್ಪತ್ತು ಸಲ ಓಡಾಡಿ, ಐದನ್ನೂ ಎಪ್ಪತ್ತೈದಕ್ಕೆ ತಂದೆ. ಒಂದು ಸಿನಿಮಾ ಹಾಕಿ ಸೋಫಾದಲ್ಲಿ ಕೂತೆ. ಆಹಾ, ಅಂಥ ಸಮತೂಕ!

"ಇದೇನು ಹೀಗಾಯ್ತು?" ಎಂದರು ಮೂಲೆಯಿಂದ ಅತ್ತಿಗೆ.

"ಏನಾಯ್ತು?"

"ನನಗೆ ಮಾತೇ ಕೇಳಿಸ್ತಿಲ್ಲ. ಈ ತಲೆ ಹತ್ತಿರದ ಪೆಟ್ಟಿಗೆ ಒಂದೇ ಕಿರುಚ್ತಿದೆ. ಮೊದಲು ಹೀಗಿರಲಿಲ್ಲ. ನೀನು ಕೆಡಿಸಿದೀಯ."

ನನಗೆ ರೇಗಿತು. ಮೀಟರ್ ಹಿಡಿದುಕೊಂಡೇ ಎದ್ದೆ, ಅಂಕಿ ತೋರಿಸಿ ಅವರ ಬಾಯಿ ಮುಚ್ಚಿಸೋಣವೆಂದು. ಸ್ಟೂಲಿನ ಮೇಲೆ ಕೂತಿದ್ದ ಅವರ ಕಿವಿಯ ಪಕ್ಕ ಮೀಟರ್ ಹಿಡಿದೆ. ಹಿಂದಿನ ಬಲದ್ದು ಎಂಬತ್ತನಾಲ್ಕು! ನಡುವಿನದು ಎಪ್ಪತ್ತೆರಡು, ಹಿಂದಿನ ಎಡದ್ದು ಎಪ್ಪತ್ತು. ಇರಲೇಬೇಕಲ್ಲ, ಬಲಮೂಲೆಯ ಪೆಟ್ಟಿಗೆ ಅವರ ಹೆಗಲಿಗೇ ಅಂಟಿಕೊಂಡಂತಿತ್ತು. ಮೂಲೆಯಲ್ಲಿ ಕೂತವರಿಗೆ ಸಮ ಕೇಳಿಸುವುದಿಲ್ಲ ಎಂದು ವಿವರಿಸಲು ಹೊರಟವನು ಅರ್ಧಕ್ಕೇ ನಿಂತೆ. ಹಾಗಾದರೆ ಮೊದಲು ಕೇಳಿಸುತ್ತಿದ್ದದ್ದು ಹೇಗೆ?

ಗಡಿಯಾರ ಮೂರೂವರೆ ತೋರಿಸುತ್ತಿತ್ತು. "ಅತ್ತಿಗೆ, ಅಲ್ಲಾಡಬೇಡಿ" ಎಂದು ಮೀಟರನ್ನು ಅವರ ಕೈಗೇ ಕೊಟ್ಟು ಅಂಕಿ ಕೂಗಲು ಹೇಳಿದೆ. ಅವರು ಕೂಗಿದರು, ನಾನು ತಿರುಗಿಸಿದೆ. ಹಿಂದಿನ ಬಲದ ನಾಬ್ ಇಳಿಸುತ್ತಾ ಇಳಿಸುತ್ತಾ ಅವರು "ಎಪ್ಪತ್ತೈದು" ಎಂದಾಗ ಬಗ್ಗಿ ನೋಡಿದೆ. ಕೆಂಪು ಹೋಗಿತ್ತು, ಆದರೆ ನಾನು ಉಜ್ಜಿದ ಜಾಗದಲ್ಲಿ ಆಂಪ್ಲಿಫೈಯರಿನ ಕಪ್ಪು ಬಣ್ಣ ಮಾಸಿ ಸಣ್ಣ ಕಲೆ ಉಳಿದಿತ್ತು. ಮುಳ್ಳು ಸರಿಯಾಗಿ ಆ ಕಲೆಯ ಮೇಲೆ ನಿಂತಿತ್ತು.

ಹಿಂದಿನ ಎಡದ್ದು, ಎಪ್ಪತ್ತೈದು, ಕಲೆಯ ಮೇಲೆ. ಮುಂದಿನ ಎಡ, ಬಲ, ಎರಡೂ ಹಾಗೇ.

"ಅತ್ತಿಗೆ, ಅಣ್ಣ ಇದನ್ನ ಹೊಂದಿಸಿರೋದು ಸೋಫಾಗಲ್ಲ. ನಿಮ್ಮ ಸ್ಟೂಲಿಗೆ."

ಅವರು ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದರು. "ಸುಮ್ನಿರು. ಅವರು ಕೂರೋದು ಅಲ್ಲಿ, ಹೊಂದಿಸೋದು ಇಲ್ಲಿಗಾ? ಲೆಕ್ಕ ತಪ್ಪಿರ್ತಾರೆ."

"ಲೆಕ್ಕ ತಪ್ಪೋ ಮನುಷ್ಯನಾ ಅವನು?"

ಆದರೆ ಐದನೆಯದು ನನ್ನ ವಾದವನ್ನು ತಲೆಕೆಳಗು ಮಾಡಿತು. ನಡುವಿನ ಪೆಟ್ಟಿಗೆ ಎಪ್ಪತ್ತೈದಕ್ಕೆ ಬಂದಾಗ ಮುಳ್ಳು ಕಲೆಯಿಂದ ದೂರವೇ ಉಳಿಯಿತು. ಕಲೆಯವರೆಗೆ ಒಯ್ದರೆ ಅತ್ತಿಗೆ "ಎಪ್ಪತ್ತೊಂಬತ್ತು" ಎಂದು ಕೂಗಿದರು, ಗೆದ್ದವರ ಹಾಗೆ. ನಾಲ್ಕು ಸರಿ, ಒಂದು ನಾಲ್ಕು ಅಂಕಿ ಹೆಚ್ಚು. ಯಾಕೆ? ತಲೆ ಕೆರೆದುಕೊಂಡೆ, ನೆಲದ ಮೇಲೆ ಕೂತೆ, ಎದ್ದೆ. ಕೊನೆಗೆ ತಡೆಯಲಾರದೆ ಆಸ್ಪತ್ರೆಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಹೊಲಿಗೆ ಯಂತ್ರದ ಮೇಲಿಟ್ಟೆ. ಅತ್ತಿಗೆ ತುಟಿಯ ಮೇಲೆ ಬೆರಳಿಟ್ಟು, ತಾವಿರುವುದನ್ನು ಹೇಳಬೇಡ ಎಂದು ಸನ್ನೆ ಮಾಡಿದರು.

"ಅಣ್ಣಾ, ನಡುವಿನ ಪೆಟ್ಟಿಗೆ ಗೇನ್ ಯಾಕೆ ನಾಲ್ಕು ಡೆಸಿಬಲ್ ಜಾಸ್ತಿ?"

"ಮುಟ್ಟಿದೆಯಾ ನಾಬ್?"

"ಮುಟ್ಟಿದೆ. ಬೈಯೋದು ಆಮೇಲೆ ಬೈ. ಮೊದಲು ಇದನ್ನ ಹೇಳು."

"ಹೊಲಿಗೆ ಮಷೀನು ಕಣೋ" ಎಂದ ಅಣ್ಣ, ಅದೇ ಗ್ರಂಥಾಲಯದ ದನಿಯಲ್ಲಿ. "ಅವಳು ಮಷೀನ್ ತುಳಿಯೋವಾಗ ಮಾತು ಕೇಳಿಸ್ತಿರಲಿಲ್ಲ. ಎರಡು ನಿಮಿಷಕ್ಕೊಂದ್ಸಲ, ಏನಂದ ಅವನು, ಏನಂದ ಅವನು ಅಂತ ಕೇಳೋಳು. ಪಾಪ, ಕೈಯಲ್ಲಿ ಕೆಲಸ, ಇತ್ತ ಕಥೆ ಬೇರೆ ತಪ್ಪಿಹೋಗೋದು. ಅದಕ್ಕೆ ಎಲ್ಲಾನೂ ಅವಳ ಜಾಗಕ್ಕೆ ಹೊಂದಿಸ್ದೆ. ಮಾತಿನದ್ದು ನಾಲ್ಕು ಏರಿಸ್ದೆ. ಆಮೇಲೆ ಒಂದು ಸಲಾನೂ ಕೇಳಿಲ್ಲ ನೋಡು."

"ನಿನಗೆ?"

"ನನಗೇನು, ಎಡಗಿವಿ ಹತ್ತಿರ ಸ್ವಲ್ಪ ಗಲಾಟೆ. ಅಭ್ಯಾಸ ಆಯ್ತು."

"ಇದನ್ನ ಅತ್ತಿಗೆಗೆ ಯಾಕೆ ಹೇಳಲಿಲ್ಲ?"

"ಹೇಳೋದೇನಿದೆ ಅದರಲ್ಲಿ? ಕೇಳಿಸ್ತಿತ್ತಲ್ಲ ಅವಳಿಗೆ."

ಫೋನ್ ಇಟ್ಟೆ. ಅತ್ತಿಗೆ ಹೊಲಿಗೆಯ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು.

"ನಾನು ಕೇಳೋದು ಬಿಟ್ಟಿದ್ದು ಕೇಳಿಸ್ತಿತ್ತು ಅಂತ ಅಲ್ಲ" ಎಂದರು. "ಒಂದಿನ ಕೇಳ್ದಾಗ ಅವರು ಉತ್ತರ ಕೊಡ್ದೆ ಎದ್ದು ಹೋಗಿ ಆ ಪೆಟ್ಟಿಗೆಗಳ ಹತ್ತಿರ ಬಗ್ಗಿ ಕೂತ್ರು. ನನ್ನ ಕಾಟ ತಡೀಲಾರದೆ ಎದ್ದು ಹೋದ್ರು ಅಂದ್ಕೊಂಡೆ. ಆವತ್ತಿಂದ ಬಾಯಿ ಮುಚ್ಕೊಂಡು ಹೊಲಿದೆ."

ಒಬ್ಬರು ಕೇಳುವುದನ್ನು ಬಿಟ್ಟಿದ್ದರು, ಇನ್ನೊಬ್ಬ ಅದನ್ನೇ ತನ್ನ ಕೆಲಸ ಗೆದ್ದ ಗುರುತು ಎಂದುಕೊಂಡಿದ್ದ. ಹನ್ನೆರಡು ವರ್ಷ! ಇಬ್ಬರ ಮೇಲೂ ಸಿಟ್ಟು ಬಂತು, ಅಳುವೂ ಬಂತು.

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಜಿಮ್ಮಿನವರು, ಚೌಕಟ್ಟಿನಲ್ಲಿ ಓರೆಯಾಗಿ ನಿಂತರೂ ಹಿಡಿಸದಂಥ ಆಸಾಮಿ, ಜೊತೆಗೆ ಒಂದು ತಳ್ಳುಗಾಡಿ.

"ಎಲ್ಲಿ ಸ್ಪೀಕರ್‌ಗಳು?"

ನಾನು ಅತ್ತಿಗೆಯ ಮುಖ ನೋಡಿದೆ. ಅವರು ಎದ್ದು ಬಂದು ಮೇಲಿನಿಂದ ಇಳಿಯಬೇಕಾದ ಮಂಚದ ಉದ್ದಗಲವನ್ನು ಟೇಪಿನಲ್ಲಿ ಗುರುತು ಹಿಡಿದು ಸೋಫಾದ ಮೇಲೆ ಎಳೆದು ನೋಡಿದರು. ಸರಿಹೋಯಿತೆಂದು ಕಾಣುತ್ತದೆ.

"ಸ್ಪೀಕರ್ ಕೊಡಲ್ಲ" ಎಂದರು. "ಸೋಫಾ ಇದೆ, ಬೇಕಾ?"

ಜಿಮ್ಮಿನವರು ಒಮ್ಮೆ ನನ್ನನ್ನು, ಒಮ್ಮೆ ಸೋಫಾವನ್ನು ನೋಡಿದರು. ಆ ದಿನ ನನಗಿಂತ ಹೆಚ್ಚು ಗೊಂದಲಕ್ಕೆ ಬಿದ್ದವರು ಅವರೊಬ್ಬರೇ. ಗೊಣಗಿದರೂ ಕೊನೆಗೆ ಸೋಫಾವನ್ನೇ ಹೇರಿಕೊಂಡು ಹೋದರು. ನಾನು ಐದು ನಾಬುಗಳನ್ನೂ ಕಲೆಗಳ ಮೇಲೆ ನಿಲ್ಲಿಸಿದೆ. ಅತ್ತಿಗೆ ಉಗುರುಬಣ್ಣದ ಹೊಸ ಸೀಸೆ ತಂದು ತಾವೇ ಚುಕ್ಕೆ ಇಟ್ಟರು, ಹಳೆಯದನ್ನು ಅಣ್ಣ ಕದ್ದಿದ್ದು ಈಗ ಗೊತ್ತಾಯಿತೆಂದು ಗದರಿಕೊಳ್ಳುತ್ತಾ.

ಅಣ್ಣ ಮನೆಗೆ ಬಂದ ದಿನ ಮಧ್ಯಾಹ್ನ ನಾನೂ ಅಲ್ಲಿದ್ದೆ. ಸೋಫಾ ಇದ್ದ ಜಾಗದಲ್ಲಿ ಮಂಚ, ಮಂಚದ ಮೇಲೆ ಅಣ್ಣ, ಮೂಲೆಯಲ್ಲಿ ಅತ್ತಿಗೆ. ಪೆಟ್ಟಿಗೆಗಳನ್ನು ಅಣ್ಣ ಒಂದೊಂದಾಗಿ ಎಣಿಸಿ ನೋಡಿದ. ಸಿನಿಮಾ ಶುರುವಾಯಿತು, ಹೊಲಿಗೆ ಯಂತ್ರವೂ. ಪರದೆಯ ಮೇಲೆ ಯಾರೋ ಯಾರಿಗೋ ಏನೋ ಹೇಳಿದರು. ಯಂತ್ರದ ಸದ್ದಿನ ಮೇಲೂ ಒಂದೊಂದು ಅಕ್ಷರ ಸ್ಪಷ್ಟವಾಗಿತ್ತು.

"ಏನಂದ ಅವನು?" ಎಂದರು ಅತ್ತಿಗೆ.

ಅಣ್ಣ ಗಾಬರಿಯಾಗಿ ನನ್ನ ಕಡೆ ತಿರುಗಿದ. "ಕೇಳಿಸ್ತಿಲ್ವಂತೆ! ನಡುವಿನದನ್ನ ಏನು ಮಾಡಿದೀಯೋ? ತಗೊಂಡು ಬಾ ಮೀಟರ್."

"ಮೀಟರ್ ಬೇಡ, ಅದು ಸರಿಯಾಗೇ ಇದೆ" ಎಂದರು ಅತ್ತಿಗೆ, ಯಂತ್ರ ನಿಲ್ಲಿಸಿ. "ನೀವು ಹೇಳಿ. ಏನಂದ?"

ಅಣ್ಣ ಅವರನ್ನೇ ನೋಡಿದ. ಏನೂ ಅರ್ಥವಾಗದ ಮುಖ. ಆಮೇಲೆ ಹೊಸ ಸೊಂಟವನ್ನು ನಿಧಾನಕ್ಕೆ ಹೊರಳಿಸಿ, ಪರದೆಗೆ ಬೆನ್ನು ಹಾಕಿ, ಅವನೇನಂದ ಎಂಬುದನ್ನು ಹೇಳತೊಡಗಿದ.