ಹೆಸರು ಸವೆದ ತಂಬಿಗೆ

ನಾನು ಒಂದು ಹಿತ್ತಾಳೆ ತಂಬಿಗೆ. ಬೆಳಗಾವಿ ಸೀಮೆಯ ಕಂಚುಗಾರನೊಬ್ಬನ ಸುತ್ತಿಗೆಯ ಕೆಳಗೆ ಹುಟ್ಟಿದೆ. ನೀಲವ್ವನ ಮದುವೆಗೆಂದು ತವರಿನವರು ನನ್ನನ್ನು ಕೊಂಡರು. ನನ್ನ ಕೊರಳಡಿ ಚುಕ್ಕೆ ಚುಕ್ಕೆಯಾಗಿ ಎರಡು ಹೆಸರು ಕೊರೆಸಿದರು: ನೀಲವ್ವ, ಬಾಳಪ್ಪ.

ಬಾಳಪ್ಪ ಸಿಪಾಯಿ. ಅವನು ಯುದ್ಧಕ್ಕೆ ಹೊರಟ ದಿನ ಬಸುರಿ ನೀಲವ್ವ ನನ್ನನ್ನು ಅವನ ಚೀಲಕ್ಕೆ ಕಟ್ಟಿದಳು. “ಯಾವ ಊರ ನೀರು ಕುಡದ್ರೂ ನನ್ನ ತಂಬಿಗ್ಯಾಗ ಕುಡೀರಿ,” ಎಂದಳು.

ಮಲಾಯದ ಕಡಲದಂಡೆಗೆ ಸೈನ್ಯ ಇಳಿಯುವಾಗ ದೋಣಿ ದಡ ಮುಟ್ಟಲೇ ಇಲ್ಲ, ಕೆಸರಿನಲ್ಲಿ ಹೂತು ನಿಂತಿತು. ಬಾಳಪ್ಪ ಜಿಗಿದ. ಒಂದು ಗುಂಡೂ ಹಾರಲಿಲ್ಲ. ಬೆನ್ನಿನ ಭಾರವೇ ಅವನನ್ನು ಒಳಗೆಳೆದುಕೊಂಡಿತು. ದಾರ ಹರಿದು ನಾನು ಮಾತ್ರ ತೇಲಿದೆ.

ದಡದಲ್ಲಿ ನನ್ನನ್ನು ಎತ್ತಿಕೊಂಡವಳು ಮೀನುಗಾರರ ಸೊಸೆ ಹಲೀಮಾ. ಒಳ್ಳೆಯ ಹೆಂಗಸು. ದಿನಾ ಬೆಳಗ್ಗೆ ಕಡಲ ಮರಳು ಹಾಕಿ ನನ್ನನ್ನು ತಿಕ್ಕಿ ಹೊಳೆಯಿಸುತ್ತಿದ್ದಳು. ಆ ಅಕ್ಕರೆಯಲ್ಲೇ ಮೊದಲು ಬಾಳಪ್ಪ ಸವೆದ, ಆಮೇಲೆ ನೀಲವ್ವ.

ಐವತ್ತೆರಡು ವರ್ಷದ ಮೇಲೆ ಒಬ್ಬ ಹೆಂಗಸು ಮಗನ ಜೊತೆ ಆ ದಂಡೆಗೆ ಬಂದಳು. ಕೈಸನ್ನೆಯಿಂದ ಸಿಹಿನೀರು ಕೇಳಿದಳು. ಮುದುಕಿ ಹಲೀಮಾ ನನ್ನನ್ನೇ ತುಂಬಿಸಿ ಕೊಟ್ಟಳು.

“ನೋಡಪಾ ಶಿವಪುತ್ರ, ನಮ್ಮ ಕಡೀ ತಂಬಿಗಿ ಇದ್ದಂಗ ಐತಿ!”

“ತಂಬಿಗಿ ಯಾವ ದೇಶಕ್ಕ ಹೋದ್ರೂ ತಂಬಿಗಿನ, ಯವ್ವಾ. ಲಗೂನ ಮುತ್ಯಾನ ಹೆಸರಿಲೆ ನೀರು ಬಿಡು, ಬಸ್ಸು ಹೊಕ್ಕೈತಿ.”

ನೀಲವ್ವನದೇ ಮೂಗು, ನೀಲವ್ವನದೇ ಗಲ್ಲ. ಬಾಳಪ್ಪ ಕಾಣದ ಮಗಳು! ನೀರಂಚಿಗೆ ಹೋಗಿ ನನ್ನನ್ನು ಬಗ್ಗಿಸಹೊರಟವಳು ಥಟ್ಟನೆ ನಿಂತಳು.

“ಅಪ್ಪ ಈ ದಂಡ್ಯಾಗ ಮುಳಗ್ಯಾನ, ಹೆಣಾ ಸಿಗಲಿಲ್ಲಂತ ಕಾಗದ ಬಂತು. ಅಲ್ಲೇ ಇನ್ನೊಂದು ಮನಿ ಮಾಡ್ಯಾನಂತ ಊರವ್ರು ಆಡಿಕೊಂಡ್ರು. ಅವ್ವ ಸಾಯೂತನಾ ಕುಂಕುಮ ಅಳಸಲಿಲ್ಲ. ಸತ್ತಾನಂತ ಯಾರ ಕಂಡಾರ? ಬದುಕಿದ್ದವ್ರಿಗೆ ನೀರು ಬಿಡಬಾರದಪಾ.”

ಅವಳ ಹೆಬ್ಬೆರಳು ನನ್ನ ಕೊರಳಡಿಯೇ ಆಡುತ್ತಿತ್ತು. ಅಲ್ಲೇ ಮಗಳೇ, ಅಲ್ಲೇ! ಆದರೆ ಅಲ್ಲಿ ಏನೂ ಉಳಿದಿರಲಿಲ್ಲ.

ಒಂದು ಹನಿಯನ್ನೂ ಚೆಲ್ಲದೆ ನನ್ನನ್ನು ಹಲೀಮಾಳ ಕೈಗಿಟ್ಟು ಅವಳು ಹೊರಟುಹೋದಳು.

ಈಗ ನನ್ನ ತಳ ತೂತಾಗಿದೆ. ಒಲೆಯ ಹಿಂದೆ ಬಿದ್ದಿದ್ದೇನೆ, ಯಾರೂ ತಿಕ್ಕುವುದಿಲ್ಲ. ತಿಕ್ಕದೆ ಬಿಡಬೇಕಾಗಿದ್ದದ್ದು ಆಗ.