ಯಮಿನಾಳ ಅಂಜೂರ ಇದೇನಾ?

ಎಲ್ಲಿಂದ ಶುರು ಮಾಡಲಿ? ಮರದಿಂದ ಎಂದರೆ ಅದರ ಹೆಸರು ಗೊತ್ತಿಲ್ಲ. ಗೊತ್ತಿದ್ದರೆ ಈ ಕಥೆಯೇ ಬೇಕಿರಲಿಲ್ಲ. (ನಮ್ಮ ಕಬೀಲಿಯಾ ಬೆಟ್ಟಗಳಲ್ಲಿ ಅಂಜೂರಕ್ಕೆ ಅದನ್ನು ಊರಿಗೆ ಮೊದಲು ತಂದವರ ಹೆಸರಿಡುತ್ತೇವೆ. ಹಳ್ಳ ದಾಟಿದರೆ ಅದೇ ಹಣ್ಣಿಗೆ ಬೇರೆ ಯಾರದೋ ಅಜ್ಜನ ಹೆಸರು. ಇಂಥದ್ದರ ಬಗ್ಗೆ ಕಥೆ ಬರೆಯಲು ಹೊರಟವನಿಗೆ ಬುದ್ಧಿ ಕಡಿಮೆ ಎಂದೇ ತಿಳಿಯಿರಿ.)

1. ನನ್ನ ದೊಡ್ಡಮ್ಮ ಫರೂಜಾಳ ತವರು ಕಾಡ್ಗಿಚ್ಚಿನಲ್ಲಿ ಸುಟ್ಟುಹೋಯಿತು. ತವರಲ್ಲೇ ಉಳಿದಿದ್ದ ಅಕ್ಕ ಯಮಿನಾ ಹೋದಳು, ಅವಳು ನೆಟ್ಟ ಮರವೂ ಹೋಯಿತು. ಅಲ್ಲಿ ಆ ಹಣ್ಣನ್ನು ಎಲ್ಲರೂ 'ಯಮಿನಾ' ಎಂದೇ ಕರೆಯುತ್ತಿದ್ದರು. ಅದೇ ಜಾತಿಯ ಕಡ್ಡಿ ತಂದು ನಮ್ಮ ಅಂಗಳದಲ್ಲಿ ನೆಡಬೇಕು, ಆ ಹೆಸರು ಮತ್ತೆ ಜನರ ಬಾಯಲ್ಲಿ ಕೇಳಬೇಕು ಎಂಬುದು ದೊಡ್ಡಮ್ಮನ ಹಟ.

(ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಓದಿ ಹೇಳಿದೆ. "ನಾನೆಲ್ಲೋ ಅತ್ತೆ? ಹೊಡೆದ್ಹಾಕು ಅದನ್ನ" ಎಂದಳು. ಹೊಡೆದುಹಾಕಿದೆ.)

2. ಬೆಟ್ಟದ ಮರಗಳನ್ನೆಲ್ಲ ಜಾಲಾಡಿದಳು. ಎಲೆಯ ಸೀಳು, ಹಣ್ಣಿನ ಕತ್ತು, ಒಳಗಿನ ಕೆಂಪು, ಒಂದು ಹೊಂದಿದರೆ ಇನ್ನೊಂದು ಹೊಂದದು. ಒಂದೇ ಮರದಲ್ಲಿ ಬಿಸಿಲ ಕಡೆಯ ಹಣ್ಣು ಕಪ್ಪು, ನೆರಳ ಕಡೆಯದು ನೇರಳೆ. ಜೂನ್‌ನಲ್ಲಿ ಹಳ್ಳದಾಚೆಯ ಮೊಕ್ರಾನನ ಮರಕ್ಕೆ ಹೋದಳು. ಉದ್ದುದ್ದ, ನೀರುನೀರು ಹಣ್ಣು. ಬಾಯಿಗಿಟ್ಟವಳೇ ಉಗುಳಿ, ಇದನ್ನು ನಿನ್ನ ಹೇಸರಗತ್ತೆಗೆ ಹಾಕು ಎಂದು ಅವನ ಮುಖಕ್ಕೇ ಹೇಳಿ ಬಂದಳು.

ಕಥೆ ಅಲ್ಲಿಗೆ ಮುಗಿದಿತ್ತು. ಸೋಲಿನ ಅಂತ್ಯ ಚೆಂದವಾಗಿಯೇ ಬಂದಿತ್ತು. ನಾನು ಕಾಫಿ ಕಾಯಿಸಲು ಎದ್ದಿದ್ದೆ.

4. (ಮೂರನೆಯದನ್ನು ಹರಿದೆ.) ದೊಡ್ಡಮ್ಮ ಕಥೆಯೊಳಗಿಂದಲೇ ಜಗಳ ತೆಗೆದಳು.

"ಅಕ್ಕ ಆ ಮರ ನೆಟ್ಟಿದ್ದೇ ನನ್ನ ಮದ್ವೆ ಆದ್ಮೇಲೆ. ಮದ್ವೆ ಆದ ಹೆಣ್ಮಕ್ಳು ತವರಿಗೆ ಹೋಗೋದು ಯಾವಾಗ?"

"ಅಂಜೂರದ ಸುಗ್ಗಿಗೆ. ಸೆಪ್ಟೆಂಬರ್‌ನಲ್ಲಿ."

"ಮತ್ತೆ ಅದರ ಜೂನ್ ಹಣ್ಣು ಹೆಂಗಿರತ್ತೆ ಅಂತ ನಂಗೇನು ಗೊತ್ತು? ಒಂದೇ ಮರ ವರ್ಷಕ್ಕೆ ಎರಡು ಸಲ ಬಿಡತ್ತೆ, ಮೊದಲ್ನೇ ಬೆಳೆ ಬೇರೆ, ಎರಡ್ನೇದು ಬೇರೆ ಅಲ್ವೇನೋ ಪೆದ್ದ. ನಡಿ, ವಾಪಸ್ ಹೋಗೋಣ."

ಸೆಪ್ಟೆಂಬರ್‌ನಲ್ಲಿ ಮೊಕ್ರಾನನ ಅದೇ ಮರದಡಿ, ಗಿಡ್ಡನೆಯ ಗಟ್ಟಿ ಹಣ್ಣೊಂದನ್ನು ಸೀಳಿ ತಿಂದಳು. ಇನ್ನೊಂದಕ್ಕೆ ಕೈ ಹಾಕಿ ನನಗೆ ಬೆನ್ನು ತಿರುಗಿಸಿದಳು. (ಈಗ ಅತ್ತಳೇ? ನಾನು ನೋಡಲಿಲ್ಲ ಎಂದು ಬರೆಯಲು ಅಪ್ಪಣೆಯಾಗಿದೆ.)

ಮೊಕ್ರಾನ್ ಹೇಸರಗತ್ತೆಯ ಮಾತು ಮರೆತಿರಲಿಲ್ಲ. ಜನವರಿಯಲ್ಲಿ ಕಡ್ಡಿ ಕೊಡುತ್ತೇನೆ, ಆದರೆ ಎಲ್ಲಿ ನೆಟ್ಟರೂ ಅದಕ್ಕೆ ನಮ್ಮಜ್ಜನದೇ ಹೆಸರು ಎಂದ. ಆಮೇಲೆ ಸ್ವಲ್ಪ ಮೆತ್ತಗಾದ.

"ಅದೇ ಹಣ್ಣು ಅಂತ ಆಣೆ ಮಾಡ್ತೀಯಾ ಫರೂಜಕ್ಕ? ಮಾಡಿದ್ರೆ ನಿಮ್ಮಕ್ಕನ ಹೆಸರೇ ಇಟ್ಕೋ."

ಅವಳು ಆಣೆ ಮಾಡಲಿಲ್ಲ. ಆ ಹಣ್ಣನ್ನು ಅಕ್ಕನ ಪಕ್ಕ ಕೂತಲ್ಲದೆ ಅವಳು ಒಂದು ಸಲವೂ ತಿಂದವಳಲ್ಲ. ನಾಲಿಗೆಯಲ್ಲಿ ಉಳಿದದ್ದು ಹಣ್ಣಿನ ರುಚಿಯೋ, ಅಕ್ಕನ ಜೊತೆ ಕೂತ ರುಚಿಯೋ? ನನಗೆ ನಿಜಕ್ಕೂ ಸಂಕಟವಾಯಿತು.

ಅಂತ್ಯ ಅ: ಅಜ್ಜನ ಹೆಸರಿಗೆ ಒಪ್ಪುತ್ತಾಳೆ. (ಪೆನ್ನು ಕಿತ್ತುಕೊಂಡಳು.)

ಅಂತ್ಯ ಆ: ಸುಳ್ಳು ಆಣೆ ಮಾಡುತ್ತಾಳೆ. (ಪೆನ್ನು ಎಸೆದಳು.)

ಜನವರಿ ಬಂತು. ಮೊಕ್ರಾನ್ ತಾನೇ ಕಡ್ಡಿ ಹಿಡಿದು ನಮ್ಮ ಅಂಗಳಕ್ಕೆ ಬಂದ, ಯಾವ ಹೆಸರಿಡುತ್ತೀ ಎಂದು ಕೇಳಿದ. ದೊಡ್ಡಮ್ಮ ತೋಡುತ್ತಿದ್ದ ಗುಂಡಿಯಿಂದ ತಲೆ ಎತ್ತಲಿಲ್ಲ.

"ಹಣ್ಣು ಬಿಡ್ಲಿ, ಸೆಪ್ಟೆಂಬರಿಂದು. ಇಲ್ಲೇ ಕೂತ್ಕೊಂಡು, ಅಕ್ಕ ಇಲ್ದೆ ತಿಂತೀನಿ. ಆಮೇಲೆ ಹೇಳ್ತೀನಿ."

ಅದಕ್ಕೆ ವರ್ಷಗಳೇ ಬೇಕಲ್ಲ, ಅಲ್ಲಿಯವರೆಗೆ ನನ್ನ ಕಥೆಯ ಗತಿಯೇನು ಎಂದೆ. ನಿನಗೇನು ಅಷ್ಟು ಆತುರ ಎಂದಳು. ಆದ್ದರಿಂದ ಓದುಗರೇ, ಕಡ್ಡಿ ಚಿಗುರಿತೇ ಎಂದು ಕೇಳಬೇಡಿ. ಇಲ್ಲಿ ಇನ್ನೂ ಜನವರಿ. ದೊಡ್ಡಮ್ಮ ಮಣ್ಣು ತುಳಿಯುತ್ತ, ನೀರು ತಾ ಎಂದು ನನ್ನನ್ನು ಕೂಗುತ್ತಿದ್ದಾಳೆ.