ಮೊಳದ ಗಾದಿ

"ಚೀಲದಾಗ ಏನೇನ್ ಇಟ್ಟೀಯವಾ?" ಎಂದು ಮಹೆಕ ಕೇಳಿದಳು. ಹೆರಿಗೆಯ ಬೇನೆ ಆಗಷ್ಟೇ ಇಳಿದಿತ್ತು. ಗೋಡೆಗೆ ಆನಿಸಿಟ್ಟ ಗಾದಿಯ ಸುರುಳಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ನಡುಮನೆಯ ನೆಲದ ಮೇಲೆ ಕುಳಿತಿದ್ದಳು.

ಅವಳ ತಾಯಿ ಚಾಂದಬಿ ಚೀಲದ ಜಿಪ್ಪು ಎಳೆಯುತ್ತ, "ನಿನ್ನವು ಎರಡು ಮ್ಯಾಕ್ಸಿ, ಒಂದು ಚಾದರ, ಟಾವೆಲ್ಲು, ಬಿಸಿನೀರಿನ ಥರ್ಮಾಸು. ಇನ್ನೇನ್ ಬೇಕು?" ಎಂದಳು.

"ಕೂಸಿಂದು?"

ಜಿಪ್ಪು ಅರ್ಧಕ್ಕೇ ನಿಂತಿತು. "ಅದಕ್ಕ ಬೇಕಾದ್ದೆಲ್ಲಾ ದವಾಖಾನಿ ಮುಂದ ಸಿಗತೈತಿ," ಎಂದು ಮುಖ ಎತ್ತದೆ ಹೇಳಿ ಚಾಂದಬಿ ಅಡುಗೆಮನೆಗೆ ಹೋಗಿಬಿಟ್ಟಳು.

ಬಸಿರು ನಿಂತಾಗಿನಿಂದ ಆ ಮನೆಯಲ್ಲಿ ಕೂಸಿಗಿದ್ದ ಹೆಸರು 'ಅದು'. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ಊರೆಲ್ಲ ನಗುವುದಕ್ಕೆ ಹೇಳುವ ಗಾದೆಯನ್ನು ಚಾಂದಬಿ ಕಾಯಿದೆ ಮಾಡಿಕೊಂಡಿದ್ದಳು. ಅವಳನ್ನು ಬೈಯುವ ಹಾಗೂ ಇರಲಿಲ್ಲ. ಮಗಳ ಮೊದಲ ಬಸಿರಿನಲ್ಲಿ ಅವಳೇ ಹಳದಿ ಕುಲಾವಿ ಹೊಲಿದು, ಕಾಲುಚೀಲ ಹೆಣೆದು, ಬಾಯಿತುಂಬ ಮಾತಾಡುತ್ತ ಓಣಿಗೆಲ್ಲ ತೋರಿಸಿಕೊಂಡು ಬಂದಿದ್ದಳು. ಎಂಟನೆಯ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತು. ಬರಿಗೈಯಲ್ಲಿ ಮನೆಗೆ ಬಂದ ದಿನ ಆ ಕುಲಾವಿಯನ್ನು ಯಾರಿಗೆ ಕೊಟ್ಟಳೋ, ಎಲ್ಲಿ ಹುಗಿದಳೋ, ಯಾರೂ ಕೇಳಲಿಲ್ಲ. ಈ ಸಲ ಹೊಸದು ಎನ್ನುವ ಒಂದು ಗುಂಡಿಯೂ ಮನೆಗೆ ಬಂದಿರಲಿಲ್ಲ. ಕಾರನ್ನು ಕೂಡ ಮೊದಲೇ ಗೊತ್ತು ಮಾಡಿರಲಿಲ್ಲ. ಬೇನೆ ಶುರುವಾದ ಮೇಲೆಯೇ ಫೋನು ಮಾಡಿದ್ದು. ರಾಯಾಪುರದ ಗ್ಯಾರೇಜಿನಲ್ಲಿ ಮಿಸ್ತ್ರಿಯಾಗಿದ್ದ ಮಹೆಕಳ ಗಂಡ ತನ್ವೀರ ಮಾಲೀಕನ ಹಳೆಯ ಕಾರನ್ನು ಬೇಡಿಕೊಂಡು ಹೊರಟಿದ್ದ. ಹುಬ್ಬಳ್ಳಿಯನ್ನು ಪೂರ್ತಿ ಹಾಯ್ದು ಅವನು ಗಬ್ಬೂರಿನ ಈ ಮನೆಗೆ ಬರಬೇಕು.

ಮತ್ತೊಂದು ಬೇನೆ ಬಂದು ಹೋಯಿತು. ಮಹೆಕ ಹಣೆಯ ಬೆವರು ಒರೆಸಿಕೊಂಡು ಗಟ್ಟಿಯಾಗಿ ಕರೆದಳು.

"ಅವ್ವಾ, ಇಲ್ಲೆ ಬಾ. ಒಂದು ಮಾತು ಹೇಳತೇನಿ, ಕೇಳು. ನನಗ ಅಂಜಿಕಿ ಆಗೈತಿ. ಬ್ಯಾನಿದಲ್ಲ. ಈ ಕೂಸು ಮನಿಗಿ ಬರತೈತಿ ಅಂತ ನೀವ್ಯಾರೂ ತಿಳದಿಲ್ಲ. ನಾ ಒಬ್ಬಾಕಿನ ತಿಳದೇನಿ. ಒಬ್ಬಾಕಿಗೇ ಇದು ಆಗವಲ್ಲದು. ಕಾರಿನ್ಯಾಗ ಕೂಸಿಂದು ಅಂತ ಒಂದರೆ ಸಾಮಾನು ಇರಬೇಕು. ಇಲ್ಲಂದ್ರ ನಾ ಹತ್ತಂಗಿಲ್ಲ."

"ಹತ್ತದ ಇಲ್ಲೇ ಹಡಿತೀಯೇನ?"

"ಇಲ್ಲೇ ಹಡಿತೇನಿ."

"ಹಠಾ ಮಾಡಬ್ಯಾಡವಾ," ಎನ್ನುವಾಗ ಚಾಂದಬಿಯ ದನಿ ಒಡೆಯಿತು. "ಹೋದ ಸಲ ಎಲ್ಲಾ ಜೋಡಿಸಿ ಇಟ್ಟಿದ್ನೆಲ್ಲ. ಏನಾತು? ಹೇಳು, ಏನಾತು?"

ಪಡಸಾಲೆಯಲ್ಲಿ ಕುಳಿತಿದ್ದ ಮಹೆಕಳ ತಂದೆ ಬಡೇಸಾಬ ಎರಡೂ ಮಾತನ್ನು ಕೇಳಿಸಿಕೊಂಡ. ಅಜ್ಜನ ಕಾಲದಿಂದ ಅವರದು ಪಿಂಜಾರಕಿ. ಅರಳೆ ಹಿಂಜಿ ಗಾದಿ ತುಂಬುವ ಕೆಲಸ. ಹೆಂಡತಿ ಮಗಳ ಜಗಳದಲ್ಲಿ ನಡುವೆ ಬಾಯಿ ಹಾಕಿ ಗೆದ್ದ ಗಂಡಸಿಲ್ಲ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. "ಆ ಕಾರಿನ ಸೀಟು ನೆಟ್ಟಗಿಲ್ಲ, ಸ್ಪ್ರಿಂಗ್ ಚುಚ್ಚತೈತಿ. ಹಾಸಾಕ ಏನರೆ ಮಾಡತೇನಿ," ಎಂದು ಯಾರಿಗೂ ಅಲ್ಲದಂತೆ ಹೇಳಿ ಎದ್ದ. ಕರೆಂಟು ಹೋಗಿ ಅರಳೆ ಹಿಂಜುವ ಮಶೀನು ಸುಮ್ಮನಾಗಿತ್ತು. ಅಟ್ಟದ ಮೇಲಿದ್ದ, ಕೈಯಿಂದ ಹಿಂಜುವ ಹಳೆಯ ಬಿಲ್ಲು ಇಳಿಸಿ, ಧೂಳು ಒರೆಸಿ, ಅರಳೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ.

ಟೊಂಯ್, ಟೊಂಯ್ ಎಂದು ತಂತಿ ಮಿಡಿಯತೊಡಗಿತು. ಮಶೀನು ಬಂದ ಮೇಲೆ ಮಹೆಕ ಆ ಸದ್ದನ್ನು ಕೇಳಿಯೇ ಇರಲಿಲ್ಲ. ಚಿಕ್ಕಂದಿನಲ್ಲಿ ಅವಳಿಗೆ ಜೋಗುಳವೆಂದರೆ ಅದೇ. ರೆಪ್ಪೆಗಳು ತಾವಾಗಿ ಕೂಡಿಕೊಂಡವು. ಬಾಗಿಲಿನಿಂದ ಬಂದ ಇಳಿಹೊತ್ತಿನ ಬಿಸಿಲಿನಲ್ಲಿ ಅರಳೆಯ ಎಳೆಗಳು ಮೇಲೇಳುತ್ತಿದ್ದವು, ಎದ್ದವು ಕೆಳಗಿಳಿಯದೆ ಅಲ್ಲೇ ನಿಂತಿದ್ದವು. ಬೈಪಾಸಿನ ಲಾರಿಗಳ ಸದ್ದು ದೂರ ದೂರ ಸರಿಯಿತು. ಒಂದು ಬೇನೆಗೂ ಇನ್ನೊಂದು ಬೇನೆಗೂ ನಡುವೆ ಯಾರೋ ಒಂದು ತಂಪಾದ ಕೋಣೆ ಕಟ್ಟಿಸಿ, ತನ್ನನ್ನು ಅದರೊಳಗೆ ಕೂರಿಸಿ ಹೋದ ಹಾಗಾಯಿತು. ಮನೆ ನೆಲ ಬಿಟ್ಟು ಒಂದು ಗೇಣು ಎದ್ದಿದೆ ಅನ್ನಿಸಿತು.

ಆ ಬೆಳ್ಳಗಿನ ಅರಳೆಯ ಮೇಲೆ ಯಾರೋ ನಡೆಯುತ್ತಿದ್ದರು. ಅಂಗೈಯಷ್ಟು ಪಾದ, ಹೆಜ್ಜೆ ಮೂಡುತ್ತಿರಲಿಲ್ಲ. "ಯಾರವಾ ನೀ?" ಎಂದು ಮಹೆಕ ಕೇಳಿದಳು. ಆ ಕೂಸಿಗೆ ಉತ್ತರ ಕೊಡುವಷ್ಟು ಪುರುಸೊತ್ತು ಇರಲಿಲ್ಲ. ಅರಳೆಯನ್ನು ಮುಷ್ಟಿಯಲ್ಲಿ ಹಿಡಿಯುವುದು, ಊದುವುದು, ಅದು ಹಾರಿದ್ದನ್ನು ನೋಡುವುದು, ಇದೇ ಅದರ ದೊಡ್ಡ ಉದ್ಯೋಗವಾಗಿತ್ತು. ಮೊದಲಿನದೋ ಈಗಿನದೋ ಮಹೆಕಳಿಗೆ ತಿಳಿಯಲಿಲ್ಲ. ಯಾವುದಾದರೇನು, ತನ್ನದೇ. ಅವಳ ಕಣ್ಣಲ್ಲಿ ನೀರು ಬಂತು, ದುಃಖದ್ದಲ್ಲ. ಇನ್ನೊಂದು ಸ್ವಲ್ಪ ಹೊತ್ತು ಇಲ್ಲೇ ಇದ್ದುಬಿಡಬೇಕು ಅನ್ನಿಸುವಷ್ಟರಲ್ಲಿ ಬೇನೆ ಸೊಂಟ ಹಿಡಿದು ಎಳೆಯಿತು. ಕಣ್ಣು ಬಿಟ್ಟಾಗ ತಾಯಿ ಬೆನ್ನು ತಿಕ್ಕುತ್ತಿದ್ದಳು, "ಉಸುರು ಬಿಡವಾ, ಬಿಡು," ಎನ್ನುತ್ತಿದ್ದಳು.

ಪಡಸಾಲೆಯಲ್ಲಿ ಬಿಲ್ಲು ನಿಂತಿತ್ತು. ಮದುವೆಯ ಗಾದಿಗಳಿಗೆ ಟೇಪು ಹಿಡಿದು ಅಳೆಯುವ ಬಡೇಸಾಬ ಈಗ ತನ್ನ ಮೊಳಗೈಯನ್ನೇ ಅಳತೆಗೆ ಹಿಡಿದಿದ್ದ. ಮೊಣಕೈಯಿಂದ ಬೆರಳ ತುದಿಯವರೆಗೆ ಒಮ್ಮೆ, ಮೇಲೆ ನಾಲ್ಕು ಬೆರಳು. ಆಮೇಲೆ ಹಗ್ಗದ ಮೇಲೆ ಒಣಗಿದ್ದ ತನ್ನ ಹಳೆಯ ಲುಂಗಿಯನ್ನು ಎಳೆದು ಪರ್ರನೆ ಹರಿದ.

"ಅದೇನ್ರಿ ಅದು?" ಚಾಂದಬಿ ಇದ್ದಲ್ಲಿಂದಲೇ ಕೂಗಿದಳು. "ಇಷ್ಟು ಸಣ್ಣ ಗಾದಿ ಯಾವ ಸೀಟಿಗಿ?"

"ಸಣ್ಣ ಸೀಟಿಗಿ," ಎಂದ ಬಡೇಸಾಬ, ದಬ್ಬಣಕ್ಕೆ ದಾರ ಪೋಣಿಸುತ್ತ.

"ಅಯ್ಯ ನಿಮ್ಮ! ಕೂಸಿಗಿ ಲುಂಗಿ ಹಾಸತಾರೇನ್ರಿ ಯಾರರೆ?"

ಹೇಳಿದವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ಇಷ್ಟು ತಿಂಗಳು ಆಡದ ಶಬ್ದ ತಪ್ಪಿ ಬಿದ್ದಿತ್ತು. ಮಹೆಕ ಅದನ್ನು ಕೇಳಿಸಿಕೊಂಡಳು, ಬೇನೆಯಲ್ಲೂ ಅವಳಿಗೆ ನಗು ಬಂತು.

"ಹೊಸಾ ಅರಿವಿಯಲ್ಲ, ಹಳೀದ. ಯಾವ ದೃಷ್ಟಿನೂ ತಾಗಂಗಿಲ್ಲ," ಎಂದ ಬಡೇಸಾಬ.

"ಏನರೆ ಮಾಡ್ರಿ. ನಾ ಮಾತ್ರ ಅದನ್ನ ಮುಟ್ಟಂಗಿಲ್ಲ."

ಕೊನೆಯ ಹೊಲಿಗೆ ಬೀಳುವುದಕ್ಕೂ ಕಾರು ಬರುವುದಕ್ಕೂ ಸರಿಹೋಯಿತು. ತನ್ವೀರ ಕೈಯ ಗ್ರೀಸು ತೊಳೆಯದೆ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಬೇರೆ ಯಾರದೋ ಹಾಕಿಕೊಂಡು ಬಂದಿದ್ದ. "ಲಗೂ ಬರ್ರಿ, ಲಗೂ," ಎಂದು ಬಾಗಿಲಿನಿಂದಲೇ ಕೂಗಿದ. "ಬ್ಯಾನಿ ಇಳೀಲಿ, ಆಮ್ಯಾಲ ಎಬ್ಬಸೂಣು. ನೀ ಒಂದೀಟು ನೀರು ಕುಡಿ," ಎಂದು ಚಾಂದಬಿ ಅವನನ್ನೇ ಸಂಭಾಳಿಸಿದಳು.

ಬಡೇಸಾಬ ಹಿಂದಿನ ಸೀಟಿನ ಮೇಲೆ ನಡುಮನೆಯಲ್ಲಿದ್ದ ದೊಡ್ಡ ಗಾದಿ ಹಾಸಿ, ಅದರ ಮೇಲೆ ಸಣ್ಣದನ್ನು ಇಟ್ಟ. ಚೌಕಳಿಯ ಲುಂಗಿಯದು, ನಾಲ್ಕು ಮೂಲೆಗೂ ಉಬ್ಬಿ ನಿಂತಿತ್ತು. ಮಹೆಕ ಕಾರಿನ ಬಾಗಿಲು ಹಿಡಿದು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹತ್ತಿದಳು. ಆಚೆಯ ಬಾಗಿಲಿನಿಂದ ಚಾಂದಬಿ ಹತ್ತಿ ತುದಿಗೆ ಒತ್ತಿಕೊಂಡು ಕುಳಿತಳು. ತಾಯಿ ಮಗಳ ನಡುವೆ ಆ ಸಣ್ಣ ಗಾದಿ ಉಳಿಯಿತು.

ಮುಂದಿನ ಸೀಟಿನಲ್ಲಿ ಬಡೇಸಾಬನ ತೊಡೆಯ ಮೇಲೆ ಚೀಲ, ಚೀಲದ ಮೇಲೆ ಥರ್ಮಾಸು. "ಮಾವಾರ, ಗೇರ್ ಹಾಕಾಕ ಬರವಲ್ಲದು," ಎಂದ ತನ್ವೀರ. "ಆ ಚೀಲ ಹಿಂದ ಕೊಡ್ರಿ. ಅತ್ತಿ, ಇಬ್ಬರ ನಡುವ ಜಾಗಾ ಐತೆಲ್ಲ, ಅಲ್ಲೆ ಇಡ್ರಿ."

ಚಾಂದಬಿ ಚೀಲ ತೆಗೆದುಕೊಳ್ಳಲಿಲ್ಲ.

"ಅಲ್ಲೆ ಜಾಗಾ ಇಲ್ಲಪಾ," ಎಂದಳು.

ತನ್ವೀರ ಕನ್ನಡಿಯಲ್ಲಿ ಹಿಂದೆ ನೋಡಿದ. ಬಡೇಸಾಬ ಚೀಲವನ್ನು ಎದೆಗೆ ಅವಚಿಕೊಂಡು, ಮೊಣಕಾಲು ಆಚೆಗೆ ಸರಿಸಿ, ಗೇರಿಗೆ ದಾರಿ ಮಾಡಿಕೊಟ್ಟ. ಮಹೆಕ ಕಣ್ಣು ಮುಚ್ಚಿಕೊಂಡಳು.

ಓಣಿಯ ತುದಿಯಲ್ಲಿ ಕಾರು ಉಬ್ಬಿನ ಮೇಲೆ ಹತ್ತಿ ಇಳಿಯಿತು. ಚಾಂದಬಿಯ ಕೈ ಥಟ್ಟನೆ ಚಾಚಿ, ಆ ಸಣ್ಣ ಗಾದಿಯ ಮೇಲೆ ಅಡ್ಡ ಬಂದು ನಿಂತಿತು.